ಎನ್‌ಐಒಎಸ್: ಪರೀಕ್ಷೆ ನಂಬಬಹುದು, ಪಾಠ ಮಾತ್ರ ನಿಮ್ಮದೇ ಹೊಣೆ

ಎಸ್‌ಎಸ್‌ಎಲ್‌ಸಿ ಫೇಲಾದವರು, ದುಡಿಯುತ್ತಲೇ ಹತ್ತನೇ ತರಗತಿ ಮುಗಿಸಬೇಕೆನ್ನುವವರು, ದಿನವಿಡೀ ಮೈದಾನದಲ್ಲೋ ನೃತ್ಯಾಭ್ಯಾಸದಲ್ಲೋ ಇರುವ ಮಕ್ಕಳು, ಮನೆಯಲ್ಲೇ ಓದುವವರು ಎಲ್ಲರೂ ಕೊನೆಗೆ ವಿಚಾರಿಸುವ ಮಂಡಳಿ ಎಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್. 1979ರಲ್ಲಿ ಸಿಬಿಎಸ್‌ಇಯ ಒಂದು ಯೋಜನೆಯಾಗಿ ಶುರುವಾಗಿ, 1989ರಲ್ಲಿ ಸ್ವಾಯತ್ತ ಸಂಸ್ಥೆಯಾಗಿ, 2002ರಲ್ಲಿ ಈಗಿನ ಹೆಸರು ಪಡೆಯಿತು. ಕೇಂದ್ರ ಕಚೇರಿ ನೊಯ್ಡಾದಲ್ಲಿದೆ, ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರವಿದೆ. ಇದು ಕೇಂದ್ರ ಸರ್ಕಾರದ್ದೇ ಮಂಡಳಿ. ಸೆಕೆಂಡರಿ ಅಂದರೆ ಹತ್ತನೇ ತರಗತಿಗೆ, ಸೀನಿಯರ್ ಸೆಕೆಂಡರಿ ಅಂದರೆ ಪಿಯುಸಿಗೆ ಸಮ. ‘ಓಪನ್ ಸ್ಕೂಲ್ ಸರ್ಟಿಫಿಕೇಟ್ ನಡೆಯಲ್ಲ’ ಎಂಬ ಮಾತನ್ನು ಇನ್ನಾದರೂ ಬಿಡಬೇಕು.

ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಮಂಡಳಿಯಾಗಿ ಎನ್‌ಐಒಎಸ್ ಮೇಲೆ ಭರವಸೆ ಇಡಬಹುದು. ಶಾಲೆಯಾಗಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಎನ್‌ಐಒಎಸ್ ಗೊತ್ತುಪಡಿಸಿದ ಸ್ಟಡಿ ಸೆಂಟರ್‌ನಲ್ಲಿ ಸಂಪರ್ಕ ತರಗತಿಗಳು ಇರಬೇಕೆಂಬ ನಿಯಮವಿದ್ದರೂ ಅವು ನಡೆಯುವ ರೀತಿ ಕೇಂದ್ರದಿಂದ ಕೇಂದ್ರಕ್ಕೆ ಬೇರೆ. ಮನೆಯಲ್ಲೋ ಟ್ಯೂಷನ್ನಿನಲ್ಲೋ ಓದಿಸುವ ವ್ಯವಸ್ಥೆ ಮೊದಲೇ ಇದ್ದರೆ ಮಾತ್ರ ಸೇರಿಸಿ.

ಸೆಕೆಂಡರಿಗೆ 14 ವರ್ಷ, ಸೀನಿಯರ್ ಸೆಕೆಂಡರಿಗೆ 15 ವರ್ಷ ತುಂಬಿರಬೇಕು. ಐದು ವಿಷಯ ಪಾಸಾಗಬೇಕು. ಅದರಲ್ಲಿ ಕನಿಷ್ಠ ಒಂದು, ಹೆಚ್ಚೆಂದರೆ ಎರಡು ಭಾಷೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ, 2021ರಿಂದ ಭಾರತೀಯ ಸಂಜ್ಞಾ ಭಾಷೆಯೂ ಇದೆ. ಕಿವುಡ ಮಕ್ಕಳಿಗೆ ತಮ್ಮ ಭಾಷೆಯನ್ನೇ ಹತ್ತನೇ ತರಗತಿಯ ಒಂದು ವಿಷಯವಾಗಿ ಬರೆಯುವ ಅವಕಾಶ ಸಣ್ಣದಲ್ಲ; ಇದು ಈ ಮಂಡಳಿಯ ಒಳ್ಳೆಯ ಕೆಲಸಗಳಲ್ಲೊಂದು. ಒಮ್ಮೆ ನೋಂದಾಯಿಸಿದರೆ ಐದು ವರ್ಷ, ಒಂಬತ್ತು ಅವಕಾಶ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ಒಂದು ಸಲಕ್ಕೆ ಎರಡು ವಿಷಯ, ಮುಂದಿನ ಸಲಕ್ಕೆ ಮೂರು ಎಂದು ಹಂಚಿಕೊಂಡು ಬರೆಯಬಹುದು. ಪಾಸಾದ ವಿಷಯ ಪಾಸಾದಂತೆಯೇ ಉಳಿಯುತ್ತದೆ.

ವಿಷಯ ಆರಿಸುವುದರಲ್ಲೇ ದೊಡ್ಡ ಎಡವಟ್ಟು ಆಗುವುದು. ಸೆಕೆಂಡರಿಯಲ್ಲಿ ಗಣಿತ, ವಿಜ್ಞಾನ ಕಡ್ಡಾಯವಲ್ಲ. ಗಣಿತದಲ್ಲಿ ಫೇಲಾದ ಹುಡುಗನಿಗೆ ‘ಗಣಿತ ಬಿಟ್ಟು ಗೃಹವಿಜ್ಞಾನ, ಡೇಟಾ ಎಂಟ್ರಿ, ಚಿತ್ರಕಲೆ ತಗೊಳ್ಳಿ, ಸುಲಭ’ ಎಂದು ಏಜೆಂಟರು ಹೇಳುತ್ತಾರೆ. ಆಗ ಪಾಸಾಗುವುದು ನಿಜಕ್ಕೂ ಸುಲಭ. ಆದರೆ ಗಣಿತ, ವಿಜ್ಞಾನ ಎರಡೂ ಇಲ್ಲದ ಹತ್ತನೇ ತರಗತಿ ಅಂಕಪಟ್ಟಿ ಹಿಡಿದು ಡಿಪ್ಲೊಮಾಗೆ ಹೋದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಮುಂದೆ ಸೇರಬೇಕಾದ ಕೋರ್ಸಿನ ಅರ್ಹತೆ ಏನೆಂದು ಮೊದಲು ಓದಿ, ಆಮೇಲೆ ಹಿಂದಕ್ಕೆ ಬಂದು ವಿಷಯ ಗುರುತು ಮಾಡಿ. ಗಣಿತ ತೆಗೆದುಕೊಂಡರೆ ಇನ್ನೊಂದು ಗಮನವಿರಲಿ: ಸೆಕೆಂಡರಿ ಹಂತದಲ್ಲಿ ವಿಜ್ಞಾನಕ್ಕೆ ಮಾತ್ರವಲ್ಲ, ಗಣಿತಕ್ಕೂ ಪ್ರಾಯೋಗಿಕ ಪರೀಕ್ಷೆ ಇದೆ. ಅದು ಗೊತ್ತಿಲ್ಲದೆ ಥಿಯರಿ ಮಾತ್ರ ಬರೆದು ಬಂದರೆ ಆ ವಿಷಯ ಪೂರ್ತಿಯಾಗುವುದಿಲ್ಲ.

ಹಿಂದಿನ ಮಂಡಳಿಯಲ್ಲಿ ಪಾಸಾದ ವಿಷಯಗಳಲ್ಲಿ ಎರಡರ ಅಂಕಗಳನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಇದನ್ನು ಟಿಒಸಿ, ಅಂದರೆ ಟ್ರಾನ್ಸ್‌ಫರ್ ಆಫ್ ಕ್ರೆಡಿಟ್ ಎನ್ನುತ್ತಾರೆ. ಆ ವಿಷಯದಲ್ಲಿ ಶೇ 33 ಬಂದಿರಬೇಕು, ಅದು ಎನ್‌ಐಒಎಸ್ ಪಟ್ಟಿಯಲ್ಲಿ ಇರುವ ವಿಷಯವಾಗಿರಬೇಕು, ಪ್ರವೇಶದ ಅರ್ಜಿಯಲ್ಲೇ ಕೇಳಿರಬೇಕು. ಎಸ್‌ಎಸ್‌ಎಲ್‌ಸಿಯಲ್ಲಿ ಕನ್ನಡ, ಸಮಾಜ ವಿಜ್ಞಾನ ದಾಟಿದ್ದರೆ ಉಳಿದ ಮೂರು ವಿಷಯ ಬರೆದರೆ ಸಾಕು. ಹಾಗಂತ ಒಂದೆರಡು ವಿಷಯ ಹೋಯಿತೆಂದು ಕೂಡಲೇ ಇತ್ತ ಓಡಿಬರಬೇಕಿಲ್ಲ. ಕರ್ನಾಟಕದಲ್ಲಿ ಎಸ್‌ಎಸ್‌ಎಲ್‌ಸಿಗೂ ದ್ವಿತೀಯ ಪಿಯುಸಿಗೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಇವೆ. ಅಂಥವರಿಗೆ ಅದೇ ಹತ್ತಿರದ ದಾರಿ.

ಇನ್ನು ಟಿಎಂಎ, ಅಂದರೆ ಟ್ಯೂಟರ್ ಮಾರ್ಕ್ಡ್ ಅಸೈನ್‌ಮೆಂಟ್, ಮನೆಯಲ್ಲೇ ಬರೆದು ಒಪ್ಪಿಸುವಂಥದ್ದು. ಈ ಅಸೈನ್‌ಮೆಂಟನ್ನು ಹೆಚ್ಚಿನವರು ಹಗುರವಾಗಿ ತೆಗೆದುಕೊಳ್ಳುತ್ತಾರೆ, ಅಂಕ ಕಳೆದುಕೊಳ್ಳುವುದೂ ಇಲ್ಲೇ. ಒಂದು ವಿಷಯಕ್ಕೆ ಒಂದು ಟಿಎಂಎ, 20 ಅಂಕ, ಆರು ಪ್ರಶ್ನೆ. ಮೊದಲ ಮೂರಕ್ಕೆ ತಲಾ 2 ಅಂಕ, 40ರಿಂದ 60 ಪದಗಳಲ್ಲಿ ಉತ್ತರ. ನಾಲ್ಕು, ಐದನೆಯದಕ್ಕೆ ತಲಾ 4 ಅಂಕ, 100ರಿಂದ 150 ಪದ. ಆರನೆಯದು 6 ಅಂಕದ ಪ್ರಾಜೆಕ್ಟ್, ಸುಮಾರು 500 ಪದ. ಪ್ರತಿ ಪ್ರಶ್ನೆಯಲ್ಲೂ ಎ, ಬಿ ಎಂದು ಆಯ್ಕೆ ಇರುತ್ತದೆ, ಒಂದನ್ನೇ ಬರೆಯಬೇಕು. ಮೊದಲ ಹಾಳೆಯ ಮೇಲ್ಗಡೆ ಹೆಸರು, ನೋಂದಣಿ ಸಂಖ್ಯೆ, ಸ್ಟಡಿ ಸೆಂಟರ್ ಹೆಸರು, ವಿಷಯ ಇರಬೇಕು. ಏಪ್ರಿಲ್ ಪರೀಕ್ಷೆ ಬರೆಯುವವರಿಗೆ ಜನವರಿ 31, ಅಕ್ಟೋಬರ್ ಪರೀಕ್ಷೆಯವರಿಗೆ ಜುಲೈ 31 ಕೊನೆಯ ದಿನ.

ಪಾಸಿಗೆ ಲಿಖಿತ ಪರೀಕ್ಷೆಯಲ್ಲಿ ಶೇ 33, ಪ್ರಾಯೋಗಿಕವಿದ್ದರೆ ಅದರಲ್ಲಿ ಬೇರೆಯಾಗಿ ಶೇ 33, ಒಟ್ಟಾರೆಯಲ್ಲೂ ಶೇ 33 ಬೇಕು. ಟಿಎಂಎಗೆ ಕನಿಷ್ಠ ಅಂಕ ಎಂಬುದಿಲ್ಲ, ಹಾಗಾಗಿ ‘ಕೊಡದಿದ್ದರೂ ನಡೆಯುತ್ತೆ’ ಎಂಬ ಮಾತು ಹಬ್ಬಿದೆ. ಪ್ರಾಯೋಗಿಕವಿಲ್ಲದ ವಿಷಯದಲ್ಲಿ ಲೆಕ್ಕ ಹಾಕಿ ನೋಡಿ. ಲಿಖಿತ ಪರೀಕ್ಷೆ 80ಕ್ಕೆ, ಅಲ್ಲಿ 27 ಬಂದರೆ ಸಾಕು. ಟಿಎಂಎ ಸಲ್ಲಿಸಿ 6 ಅಂಕ ಸಿಕ್ಕರೂ ಒಟ್ಟು 33 ಆಗಿ ಪಾಸು. ಸಲ್ಲಿಸದಿದ್ದರೆ ಆ 33ನ್ನೂ 80ರಲ್ಲೇ ತೆಗೆಯಬೇಕು, ಅಂದರೆ ಶೇ 41ರ ಮೇಲೆ. 27ರಿಂದ 32ರ ನಡುವೆ ಸಿಕ್ಕಿಬೀಳುವ ಮಕ್ಕಳನ್ನು ದಾಟಿಸುವುದು ಈ ಅಸೈನ್‌ಮೆಂಟೇ. ಇಂಟರ್ನೆಟ್ಟಿನಲ್ಲಿ ಮಾರುವ ರೆಡಿ ಉತ್ತರಗಳನ್ನು ನಕಲು ಮಾಡಿಸಬೇಡಿ. ಒಂದೇ ಉತ್ತರವನ್ನು ಹಲವರು ಒಪ್ಪಿಸಿದರೆ ತಿದ್ದುವವರಿಗೆ ತಿಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಮನೆಯಲ್ಲಿ ಕೂತು ಓದುವ ಮಗುವಿಗೆ ಪರೀಕ್ಷೆಗೆ ಮುಂಚೆ ಬರೆದು ರೂಢಿಯಾಗಲು ಇರುವುದು ಇದೊಂದೇ ಅವಕಾಶ.

ಪಠ್ಯವನ್ನು ಈಗ ಎರಡು ಭಾಗ ಮಾಡಿದ್ದಾರೆ: ಶೇ 40ರಷ್ಟು ಪಾಠಗಳು ಟಿಎಂಎಗೆ, ಶೇ 60ರಷ್ಟು ಪಾಠಗಳು ಸಾರ್ವಜನಿಕ ಪರೀಕ್ಷೆಗೆ. ಯಾವ ಪಾಠ ಯಾವ ಕಡೆ ಎಂಬ ಪಟ್ಟಿ ಎನ್‌ಐಒಎಸ್ ಜಾಲತಾಣದಲ್ಲಿ ಪುಸ್ತಕಗಳ ಜೊತೆಗೇ ಇದೆ. ಅದನ್ನು ಮುದ್ರಿಸಿ ಗೋಡೆಗೆ ಅಂಟಿಸಿಕೊಂಡು ಓದಿಸಿ. ಪ್ರಶ್ನೆಪತ್ರಿಕೆಯಲ್ಲಿ ಅರ್ಧ ಅಂಕ ವಸ್ತುನಿಷ್ಠ ಪ್ರಶ್ನೆಗಳಿಗೆ ಹೋಗುತ್ತದೆ. ಈ ಬದಲಾವಣೆಗೂ ಮುಂಚಿನ ಪ್ರಶ್ನೆಪತ್ರಿಕೆ ಹಿಡಿದು ಉದ್ದುದ್ದ ಉತ್ತರ ಬಾಯಿಪಾಠ ಮಾಡಿಸುವ ಟ್ಯೂಷನ್ ಆದರೆ ಮಗುವಿನ ಶ್ರಮ ವ್ಯರ್ಥ. ಪುಸ್ತಕಗಳ ಪಿಡಿಎಫ್ ಉಚಿತ. ಅಚ್ಚಾದ ಪುಸ್ತಕ ಮನೆಗೆ ಬರಲೆಂದು ಕಾಯದೆ ಪ್ರವೇಶವಾದ ದಿನದಿಂದಲೇ ಓದು ಶುರು ಮಾಡಬಹುದು.

ಪ್ರವೇಶ ಶುಲ್ಕ ಕಟ್ಟಿದರೆ ಪರೀಕ್ಷೆಗೂ ಕಟ್ಟಿದಂತಲ್ಲ. ಪ್ರತಿ ಪರೀಕ್ಷೆಗೂ ವಿಷಯವಾರು ಶುಲ್ಕ ಕಟ್ಟಿ ಬೇರೆಯಾಗಿ ನೋಂದಾಯಿಸಬೇಕು, ಅದೂ ಪರೀಕ್ಷೆಗೆ ತಿಂಗಳುಗಳ ಮೊದಲು. ತಪ್ಪಿದರೆ ದಂಡ ಶುಲ್ಕ, ಅದೂ ತಪ್ಪಿದರೆ ಹಾಲ್ ಟಿಕೆಟ್ ಬರುವುದಿಲ್ಲ. ಆರು ತಿಂಗಳು ಹೋಯಿತು. ಇನ್ನೊಂದು ನಿಯಮ: ಹತ್ತನೇ ತರಗತಿ ಪಾಸಾದ ಮೇಲೆ ಸೀನಿಯರ್ ಸೆಕೆಂಡರಿ ಪ್ರಮಾಣಪತ್ರಕ್ಕೆ ಎರಡು ವರ್ಷದ ಅಂತರ ಬೇಕೇ ಬೇಕು. ‘ಒಂದೇ ವರ್ಷದಲ್ಲಿ ಪಿಯುಸಿ’ ಎಂಬ ಗೋಡೆಬರಹ ನಂಬಿ ದುಡ್ಡು ಕೊಡುವವರು ಈ ನಿಯಮವನ್ನು ಕೇಳಿರುವುದಿಲ್ಲ. ಅರ್ಜಿಯನ್ನು ಏಜೆಂಟರ ಕೈಗೆ ಕೊಡದೆ ನೀವೇ ತುಂಬಿ. ಮೊಬೈಲ್ ಸಂಖ್ಯೆ, ಇಮೇಲ್ ನಿಮ್ಮದೇ ಇರಲಿ. ಒಟಿಪಿ ಬೇರೆಯವರ ಫೋನಿಗೆ ಹೋದರೆ ಮುಂದಿನ ಐದು ವರ್ಷ ಪ್ರತಿಯೊಂದಕ್ಕೂ ಅವರ ಮನೆ ಬಾಗಿಲು ಕಾಯಬೇಕು.

ವೈದ್ಯಕೀಯಕ್ಕೆ ಹೋಗುವವರಿಗೆ ಹಿಂದೆ ಇದ್ದ ತಡೆ ಈಗಿಲ್ಲ. ಮುಕ್ತ ಶಾಲೆಯವರನ್ನು ನೀಟ್‌ನಿಂದ ಹೊರಗಿಟ್ಟಿದ್ದ ನಿಯಮವನ್ನು ದೆಹಲಿ ಹೈಕೋರ್ಟ್ 2018ರಲ್ಲಿ ರದ್ದು ಮಾಡಿತು, 2024ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಪ್ರಕರಣ ಇತ್ಯರ್ಥವಾಯಿತು. ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನದ ಜೊತೆ ಇಂಗ್ಲಿಷ್ ಇರಲೇಬೇಕು. ಸಿಇಟಿ ಮೂಲಕ ಸೀಟು ಬೇಕೆನ್ನುವವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕೈಪಿಡಿಯಲ್ಲಿ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕೆಂಬ ಕಲಮನ್ನು ಅರ್ಜಿ ಹಾಕುವ ಮುಂಚೆಯೇ ಓದಿಕೊಳ್ಳಿ. ಒಂದನೇ ತರಗತಿಯಿಂದ ಓದಿದ ಪ್ರತಿ ಶಾಲೆಯ ವ್ಯಾಸಂಗ ಪ್ರಮಾಣಪತ್ರವನ್ನು, ಬಿಇಒ ಸಹಿ ಸಮೇತ, ಆ ಶಾಲೆ ಬಿಡುವಾಗಲೇ ತೆಗೆದಿಟ್ಟುಕೊಳ್ಳಿ.