ಮೊದಲ ರಫ್ತಿಗೆ ಯಾವ ಸರ್ಕಾರಿ ಸಂಸ್ಥೆಯ ಬಾಗಿಲು ತಟ್ಟಬೇಕು?

ನಿಯಮ ನೋಡುವ ಸಂಸ್ಥೆ ಬೇರೆ, ಗಿರಾಕಿ ಹುಡುಕಲು ನೆರವಾಗುವ ಸಂಸ್ಥೆ ಬೇರೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ಅಲೆಯುತ್ತಾರೆ.

ಅನುಮತಿಯ ವಿಷಯದಲ್ಲಿ ನಿಮಗೆ ಆಯ್ಕೆಯೇ ಇಲ್ಲ. ಭಾರತದಲ್ಲಿ ಆಮದು-ರಫ್ತು ಕೋಡ್ ಕೊಡುವುದು ಡಿಜಿಎಫ್‌ಟಿ, ಅಂದರೆ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ. ಅಮೆರಿಕದಲ್ಲಿ, ಸೇನೆಗೂ ಬಳಸಬಹುದಾದ ನಾಗರಿಕ ತಂತ್ರಜ್ಞಾನದ ರಫ್ತು ಪರವಾನಗಿ ಅಲ್ಲಿನ ವಾಣಿಜ್ಯ ಇಲಾಖೆಯ ಬಿಐಎಸ್ (ಬ್ಯೂರೋ ಆಫ್ ಇಂಡಸ್ಟ್ರಿ ಅಂಡ್ ಸೆಕ್ಯುರಿಟಿ) ಕೈಯಲ್ಲಿದೆ. ಅವರು ನಿಮಗೆ ಮಾರುಕಟ್ಟೆ ಹುಡುಕಿಕೊಡಲಿ ಅಂತ ಕಾಯಬೇಡಿ.

ಅದಕ್ಕೆ ಇರುವುದು ಪ್ರೋತ್ಸಾಹಕ ಸಂಸ್ಥೆಗಳು. ಜಪಾನಿನ ಜೆಟ್ರೊ 1958ರಲ್ಲಿ, ದಕ್ಷಿಣ ಕೊರಿಯಾದ ಕೊಟ್ರಾ 1962ರಲ್ಲಿ ಶುರುವಾದವು. ಎರಡಕ್ಕೂ ಹತ್ತಾರು ದೇಶಗಳಲ್ಲಿ ಕಚೇರಿಗಳಿವೆ, ಆ ಊರಿನ ಖರೀದಿದಾರರು ಯಾರು, ಮೇಳ ಎಲ್ಲಿ ನಡೆಯುತ್ತದೆ ಅನ್ನುವುದು ಅಲ್ಲೇ ಕೂತವರಿಗೆ ಜಾಸ್ತಿ ಗೊತ್ತಿರುತ್ತದೆ ಅಲ್ವಾ? ಇವು ಹೊರಗಿನ ಬಂಡವಾಳವನ್ನೂ ಕರೆಯುತ್ತವೆ. ಜಪಾನಿಗೆ ಕಾಲಿಡುವ ವಿದೇಶಿ ಕಂಪನಿಗೆ ಜೆಟ್ರೊ ಸ್ವಲ್ಪ ಕಾಲಕ್ಕೆ ಕಚೇರಿಯ ಜಾಗವನ್ನೇ ಕೊಡುತ್ತದೆ. ಸಣ್ಣ ವ್ಯಾಪಾರಿಗೆ ನನ್ನ ಮೊದಲ ಮತ ಇಂಥ ಸಂಸ್ಥೆಗೇ.

ಮೂರನೆಯದು ರಫ್ತು ಸಾಲ ಮತ್ತು ವಿಮೆಯ ಸಂಸ್ಥೆ. ಬ್ರಿಟನ್ 1919ರಲ್ಲೇ ಇದನ್ನು ಆರಂಭಿಸಿತು, ಅಮೆರಿಕದ ಎಕ್ಸಿಮ್ ಬ್ಯಾಂಕ್ 1934ರದ್ದು. ಖರೀದಿದಾರ ದುಡ್ಡು ಕೊಡದೆ ಕೈಯೆತ್ತಿದರೆ ನಷ್ಟದ ದೊಡ್ಡ ಪಾಲನ್ನು ವಿಮೆ ಹೊರುತ್ತದೆ. ಬಹಳ ಜನ ಸರಕು ಹಡಗು ಹತ್ತಿದ ಮೇಲೆ ಇದನ್ನು ಕೇಳುತ್ತಾರೆ. ಹೊಸ ಗಿರಾಕಿಗೆ ಸಾಲದ ಮೇಲೆ ಮಾರುವಿರಾದರೆ, ಒಪ್ಪಂದಕ್ಕೆ ಸಹಿ ಹಾಕುವ ಮುಂಚೆಯೇ ವಿಚಾರಿಸಿ.