ಹ್ಯಾಲೈಡ್ ಲವಣಗಳಿಗೆ ಯಾವ ಆಮ್ಲ: ಸಲ್ಫ್ಯೂರಿಕ್ಕೋ, ಫಾಸ್ಫಾರಿಕ್ಕೋ?

ಶಿವಮೊಗ್ಗದ ನಮ್ಮ ಪಿಯು ಕಾಲೇಜಿನ ಪ್ರಯೋಗಾಲಯದಲ್ಲಿ ಲವಣ ವಿಶ್ಲೇಷಣೆಗೆ ಸಾಂದ್ರ ಸಲ್ಫ್ಯೂರಿಕ್ ಆಮ್ಲವನ್ನು ಬಳಸುವುದು ರೂಢಿ. ಅದರ ಪಕ್ಕದಲ್ಲಿ ಶೇ. 85ರ ಫಾಸ್ಫಾರಿಕ್ ಆಮ್ಲವನ್ನೂ ಇಟ್ಟುಕೊಂಡು, ಕ್ಲೋರೈಡ್, ಬ್ರೋಮೈಡ್, ಅಯೋಡೈಡ್ ಎಂಬ ಮೂರು ಹ್ಯಾಲೈಡ್‌ಗಳನ್ನೂ ಎರಡರಲ್ಲಿಯೂ ಪರೀಕ್ಷಿಸಿ ನೋಡಿದ್ದೇನೆ.

ಅಡುಗೆ ಉಪ್ಪಿನ, ಅಂದರೆ ಸೋಡಿಯಂ ಕ್ಲೋರೈಡಿನ ಮಟ್ಟಿಗೆ ಹೆಚ್ಚು ವ್ಯತ್ಯಾಸವಿಲ್ಲ. ಎರಡರಿಂದಲೂ ಹೈಡ್ರೋಜನ್ ಕ್ಲೋರೈಡ್ ಹೊರಡುತ್ತದೆ. ಫಾಸ್ಫಾರಿಕ್ ಆಮ್ಲವನ್ನು ಮಾತ್ರ ಬಿಸಿ ಮಾಡಬೇಕು. ಮಲೆನಾಡಿನ ಮಳೆಗಾಲದ ತೇವದ ಗಾಳಿಯಲ್ಲಿ ಈ ಅನಿಲದ ಬಿಳಿ ಹೊಗೆ ಬೇಸಿಗೆಗಿಂತ ದಟ್ಟವಾಗಿ ಕಾಣುತ್ತದೆ. ಬ್ರೋಮೈಡ್‌ಗೆ ಬಂದರೆ ದಾರಿ ಕವಲೊಡೆಯುತ್ತದೆ: ಸಲ್ಫ್ಯೂರಿಕ್ ಆಮ್ಲದಲ್ಲಿ ಕಂದು ಕೆಂಪಿನ ಬ್ರೋಮಿನ್ ಆವಿಯೂ ಸಲ್ಫರ್ ಡೈಆಕ್ಸೈಡೂ ಏಳುತ್ತವೆ, ಫಾಸ್ಫಾರಿಕ್‌ನಲ್ಲಿ ಹೈಡ್ರೋಜನ್ ಬ್ರೋಮೈಡಿನ ಬಿಳಿ ಹೊಗೆಯಷ್ಟೇ.

ನಿಜವಾದ ಪಾಠವಿರುವುದು ಅಯೋಡೈಡ್‌ನಲ್ಲಿ. ಸಲ್ಫ್ಯೂರಿಕ್ ಆಮ್ಲದ ಹನಿ ಬಿದ್ದೊಡನೆ ಪ್ರನಾಳದ ತಳ ಕಪ್ಪಾಗಿ, ಮೇಲೆ ಅಯೋಡಿನ್‌ನ ನೇರಳೆ ಆವಿ ತುಂಬಿ, ಗಾಜಿನ ಒಳಬದಿಗೆ ಗಂಧಕದ ಹಳದಿ ಅಂಟಿಕೊಳ್ಳುತ್ತದೆ. ಪ್ರನಾಳದ ಬಾಯಿಗೆ ಹಿಡಿದ ಲೆಡ್ ಅಸಿಟೇಟ್ ಕಾಗದವು ಹೈಡ್ರೋಜನ್ ಸಲ್ಫೈಡ್‌ನಿಂದ ಕಪ್ಪಾಗುತ್ತದೆ. ಅಂದರೆ ಅಯೋಡೈಡ್‌ನಿಂದ ಇಲೆಕ್ಟ್ರಾನುಗಳನ್ನು ಪಡೆದು ಗಂಧಕದ ಉತ್ಕರ್ಷಣ ಸಂಖ್ಯೆ (ಪರಮಾಣು ಕಳೆದುಕೊಂಡ ಅಥವಾ ಪಡೆದ ಇಲೆಕ್ಟ್ರಾನುಗಳ ಲೆಕ್ಕ) +6ರಿಂದ −2ರವರೆಗೂ ಇಳಿದಿದೆ. ಕ್ಲೋರೈಡ್ ಅಯಾನಿನ ತ್ರಿಜ್ಯ 181 ಪಿಕೋಮೀಟರ್, ಅಯೋಡೈಡ್‌ನದು 220. ಹೊರಗವಚದ ಇಲೆಕ್ಟ್ರಾನನ್ನು ದೊಡ್ಡ ಅಯಾನು ಸಡಿಲವಾಗಿ ಹಿಡಿದಿರುವುದರಿಂದ ಅದು ಸುಲಭವಾಗಿ ಬಿಟ್ಟುಕೊಡುತ್ತದೆ. 1811ರಲ್ಲಿ ಫ್ರಾನ್ಸಿನ ರಸಾಯನವಿಜ್ಞಾನಿ ಬರ್ನಾರ್ಡ್ ಕೂರ್ತ್ವಾ ಕಡಲಕಳೆಯ ಬೂದಿಗೆ ಸಲ್ಫ್ಯೂರಿಕ್ ಆಮ್ಲ ಸೇರಿಸಿದಾಗ ಅಯೋಡಿನ್ ಮೊದಲ ಸಲ ಕಾಣಿಸಿಕೊಂಡದ್ದೂ ಇದೇ ನೇರಳೆ ಆವಿಯಾಗಿ.

ಫಾಸ್ಫಾರಿಕ್ ಆಮ್ಲದಲ್ಲಿ ಅದೇ ಲವಣ ಹೈಡ್ರೋಜನ್ ಅಯೋಡೈಡನ್ನು ಕೊಡುತ್ತದೆ; ಉರಿ ಹೆಚ್ಚಾದರೆ ಆ ಅನಿಲ ಒಡೆದು ತುಸು ನೇರಳೆ ಇಣುಕಬಹುದು, ಆದರೆ ಫಾಸ್ಫರಸ್ +5ರಲ್ಲಿಯೇ ಉಳಿಯುತ್ತದೆ. ಹೈಡ್ರೋಜನ್ ಅಯೋಡೈಡ್‌ಗಿಂತ ಎಷ್ಟೋ ದುರ್ಬಲವಾದ ಆಮ್ಲವೊಂದು ಅದನ್ನು ಲವಣದಿಂದ ಹೊರಗಟ್ಟುವುದು, ಆ ಅನಿಲ ಸುಲಭವಾಗಿ ಹಾರಿಹೋಗುತ್ತದೆ ಎಂಬ ಕಾರಣಕ್ಕೆ. ಆಮ್ಲದ ಪ್ರಬಲತೆ ಬೇರೆ, ಉತ್ಕರ್ಷಣ ಸಾಮರ್ಥ್ಯ, ಅಂದರೆ ಇಲೆಕ್ಟ್ರಾನುಗಳನ್ನು ಕಸಿಯುವ ಶಕ್ತಿ, ಬೇರೆ ಎಂಬುದನ್ನು ವಿದ್ಯಾರ್ಥಿಗಳಿಗೆ ಮನಗಾಣಿಸಲು ಈ ಜೋಡಿಗಿಂತ ಉತ್ತಮವಾದುದನ್ನು ನಾನು ಕಂಡಿಲ್ಲ.

ಲವಣವನ್ನು ಗುರುತಿಸುವುದಷ್ಟೇ ಗುರಿಯಾದರೆ ನಾನು ಸಲ್ಫ್ಯೂರಿಕ್ ಆಮ್ಲವನ್ನೇ ಆರಿಸುತ್ತೇನೆ, ಬಣ್ಣಗಳೇ ಉತ್ತರ ಹೇಳುತ್ತವೆ; ಶುದ್ಧ ಹೈಡ್ರೋಜನ್ ಬ್ರೋಮೈಡ್ ಅಥವಾ ಅಯೋಡೈಡ್ ಬೇಕಾದವರಿಗೆ ಫಾಸ್ಫಾರಿಕ್ಕೇ ಸರಿ. ಕ್ಲೋರೈಡನ್ನು ಮಾತ್ರ ಇವೆರಡೂ ಉತ್ಕರ್ಷಿಸಲಾರವು. ಹಸಿರು ಹಳದಿಯ ಕ್ಲೋರಿನ್ ಬೇಕಿದ್ದರೆ ಸಲ್ಫ್ಯೂರಿಕ್ ಆಮ್ಲದ ಜೊತೆ ಮ್ಯಾಂಗನೀಸ್ ಡೈಆಕ್ಸೈಡನ್ನೂ ಬೆರೆಸಬೇಕು. ಹಿಂದೆ ನಮ್ಮ ಕುಂಸಿಯ ಗಣಿಗಳಲ್ಲಿ ತೆಗೆಯುತ್ತಿದ್ದುದು ಈ ಮ್ಯಾಂಗನೀಸಿನ ಅದಿರನ್ನೇ.