ಓದು ಕಲಿಯುತ್ತಿರುವ ಮಕ್ಕಳಿಗೆ ಪತ್ತೇದಾರಿ ಕತೆಗಳು: ನಾಲ್ಕು ಸರಣಿಗಳ ಹೋಲಿಕೆ

ಅಕ್ಷರ ಕೂಡಿಸಿ ಓದುವ ಹಂತವನ್ನು ದಾಟಿ, ಅಧ್ಯಾಯಗಳಿರುವ ಪುಸ್ತಕವನ್ನು ಮೊದಲ ಬಾರಿಗೆ ಕೈಗೆತ್ತಿಕೊಳ್ಳುವ ಮಕ್ಕಳಿಗೆ ಪತ್ತೇದಾರಿ ಕತೆಗಿಂತ ಒಳ್ಳೆಯ ಜೊತೆ ಬೇರೆ ಇಲ್ಲವೆಂದು ನಾನು ನಂಬಿದ್ದೇನೆ. ಮುಂದೇನಾಯಿತೆಂಬ ಕುತೂಹಲಕ್ಕೆ ಮಗು ಪುಟ ತಿರುಗಿಸುತ್ತದೆ. ಸುಳಿವು ಎಲ್ಲಿತ್ತೆಂದು ಹುಡುಕಲು ಹಿಂದಿನ ಪುಟಕ್ಕೂ ಮರಳುತ್ತದೆ. ಹೀಗೆ ಮರಳಿ ಓದುವ ಅಭ್ಯಾಸವೇ ನನಗೆ ಮುಖ್ಯವಾದ್ದರಿಂದ, ಇಂಗ್ಲಿಷಿನ ನಾಲ್ಕು ಹೆಸರಾಂತ ಸರಣಿಗಳನ್ನು ಮಗಳೊಂದಿಗೆ ಓದುವಾಗ ಒಂದೇ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡೆ. ಉತ್ತರ ತಿಳಿದ ಮೇಲೆ, ಸುಳಿವು ಅಡಗಿದ್ದ ಜಾಗವನ್ನು ಮಗು ತಾನೇ ಬೆರಳಿಟ್ಟು ತೋರಿಸಬಲ್ಲದೇ?

ಇದರಲ್ಲಿ ಮಾರ್ಜೊರಿ ವೈನ್‌ಮನ್ ಶಾರ್ಮಟ್ ಅವರ ‘ನೇಟ್ ದಿ ಗ್ರೇಟ್’ಗೆ ಸಾಟಿಯಿಲ್ಲ. 1972ರಲ್ಲಿ ಬಂದ ಮೊದಲ ಪುಸ್ತಕದಲ್ಲಿ ಆ್ಯನಿ ಎಂಬ ಹುಡುಗಿ ಬಿಡಿಸಿದ ನಾಯಿಯ ಚಿತ್ರ ಕಾಣೆಯಾಗುತ್ತದೆ. ಅವಳು ಬಳಸಿದ್ದು ಹಳದಿ ಬಣ್ಣ. ಅವಳ ತಮ್ಮ ಹ್ಯಾರಿ ಬಳಸುವುದು ಕೆಂಪು. ಆದರೂ ಅವನ ಚಿತ್ರಗಳ ನಡುವೆ ಒಂದು ಮಾತ್ರ ಕಿತ್ತಳೆ ಬಣ್ಣಕ್ಕಿದೆ. ಬಣ್ಣ ಬೆರೆಸಿ ಆಡಿರುವ ಯಾವ ಮಗುವಿಗಾದರೂ ಈ ಗಂಟು ಬಿಡಿಸಲು ಬೇಕಾದದ್ದೆಲ್ಲ ಅಲ್ಲೇ ಸಿಗುತ್ತದೆ. ಹೊರಗಿನ ಯಾವ ತಿಳಿವಳಿಕೆಯೂ ಬೇಕಿಲ್ಲ. ನೇಟ್ ವಿವರಿಸುವ ಮೊದಲೇ ನನ್ನ ಮಗಳು ಆ ಚಿತ್ರಗಳಿದ್ದ ಪುಟಕ್ಕೆ ಹಿಂತಿರುಗಿದ್ದಳು. ವಾಕ್ಯಗಳು ತೀರ ಚಿಕ್ಕವು, ಅದೇ ಪದಗಳು ಮತ್ತೆ ಮತ್ತೆ ಬರುತ್ತವೆ, ಆದರೂ ಹೇಳುವ ಧಾಟಿ ಎಲ್ಲಿಯೂ ಬಾಲಿಶವಾಗುವುದಿಲ್ಲ. ಮಗುವನ್ನು ಬುದ್ಧಿವಂತ ಓದುಗನೆಂದು ಗೌರವಿಸುವ ಇಂಥ ಬರವಣಿಗೆ ಅಪರೂಪ. ಸ್ವಲ್ಪ ವೇಗವಾಗಿ ಓದುವವರಿಗೆ ಪುಸ್ತಕ ಬೇಗ ಮುಗಿದುಹೋಗುತ್ತದೆ ಎಂಬುದೊಂದೇ ಕೊರತೆ.

1980ರಲ್ಲಿ ಆರಂಭವಾದ ಡೇವಿಡ್ ಆ್ಯಡ್ಲರ್ ಅವರ ‘ಕ್ಯಾಮ್ ಜಾನ್ಸೆನ್’ ಸರಣಿಯ ನಾಯಕಿಗೆ ಕಂಡದ್ದನ್ನೆಲ್ಲ ಚಿತ್ರದಂತೆ ನೆನಪಿಡುವ ಶಕ್ತಿಯಿದೆ. ಅವಳು ಕಣ್ಣು ಮುಚ್ಚಿ ‘ಕ್ಲಿಕ್’ ಎಂದಾಗಲೆಲ್ಲ ಮಕ್ಕಳಿಗೆ ಪುಳಕವಾಗುತ್ತದೆ. ಆದರೆ ನೆನಪು ಅವಳದು, ಓದುಗರದಲ್ಲ. ಆದ್ದರಿಂದ ಮಗು ಅನೇಕ ಕಡೆ ಪ್ರೇಕ್ಷಕನಾಗಿಯೇ ಉಳಿಯುತ್ತದೆ. ಕತೆ ಚುರುಕಾಗಿ ಓಡುವುದರಿಂದ, ಅಧ್ಯಾಯಗಳಿಗೆ ಹೆದರುವ ಮಕ್ಕಳ ಅಂಜಿಕೆ ಕಳೆಯಲು ಇದು ಒಳ್ಳೆಯದು.

ರಾನ್ ರಾಯ್ ಅವರ ‘ಎ ಟು ಝಡ್ ಮಿಸ್ಟರೀಸ್’ 1997ರಲ್ಲಿ ಶುರುವಾಗಿ, ಅಕ್ಷರಕ್ಕೊಂದರಂತೆ 26 ಪುಸ್ತಕಗಳಾಗಿ ಬೆಳೆಯಿತು. ಡಿಂಕ್, ಜಾಶ್, ರೂತ್ ರೋಸ್ ಎಂಬ ಮೂವರು ಗೆಳೆಯರ ಈ ಕತೆಗಳು ಹಿಂದಿನ ಎರಡಕ್ಕಿಂತ ಉದ್ದವಾದವು. ಆರಂಭದಲ್ಲಿ ಬಂದ ಪತ್ರದ ಒಂದು ಮಾತನ್ನು ಹಲವು ಅಧ್ಯಾಯಗಳವರೆಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕಾಗುವುದರಿಂದ, ಓದು ಸಲೀಸಾದ ಮೇಲೆ ಇದನ್ನು ಕೊಡುವುದು ಲೇಸು. ಒಂದನ್ನು ಮೆಚ್ಚಿದ ಮಗುವಿಗೆ ಮುಂದಿನ ಅಕ್ಷರ ಕಾದಿರುತ್ತದೆ ಎಂಬುದು ದೊಡ್ಡ ಆಕರ್ಷಣೆ.

ಡೊನಾಲ್ಡ್ ಸೋಬೊಲ್ ಅವರ ‘ಎನ್‌ಸೈಕ್ಲೋಪೀಡಿಯಾ ಬ್ರೌನ್’ನ ಮೊದಲ ಪುಸ್ತಕ ಬಂದದ್ದು 1963ರಲ್ಲಿ. ಇದರ ರಚನೆಯೇ ಬೇರೆ. ಪುಸ್ತಕದಲ್ಲಿ 10 ಪುಟ್ಟ ಪ್ರಕರಣಗಳಿದ್ದು, ಪ್ರತಿಯೊಂದೂ ಉತ್ತರ ಹೇಳದೆ ನಿಲ್ಲುತ್ತದೆ, ಉತ್ತರಗಳೆಲ್ಲ ಕೊನೆಯ ಪುಟಗಳಲ್ಲಿವೆ. ಓದುಗರನ್ನು ತಡೆದು ನಿಲ್ಲಿಸಿ ಯೋಚಿಸೆಂದು ಹೇಳುವ ಈ ಕ್ರಮ ನನಗೆ ಬಹಳ ಪ್ರಿಯ. ಆದರೆ ಸುಳಿವುಗಳು ಸಮನಾಗಿಲ್ಲ. ಒಂದು ಪ್ರಕರಣದಲ್ಲಿ, ಅಮೆರಿಕದ ಅಂತರ್ಯುದ್ಧದಲ್ಲಿ ಬುಲ್ ರನ್ ಎಂಬಲ್ಲಿ ನಡೆದ 1861ರ ಕದನ ಮುಗಿದ ಒಂದು ತಿಂಗಳಿಗೆ ಸೇನಾನಿಯೊಬ್ಬನಿಗೆ ಕಾಣಿಕೆಯಾಗಿ ಕೊಟ್ಟದ್ದೆನ್ನಲಾದ ಕತ್ತಿಯ ಮೇಲೆ ‘ಬುಲ್ ರನ್ ಮೊದಲ ಕದನ’ ಎಂದು ಕೆತ್ತಲಾಗಿದೆ. ಎರಡನೆಯ ಕದನ ನಡೆದದ್ದು 1862ರಲ್ಲಿ. ಅದು ನಡೆಯಲಿದೆಯೆಂದು ಮುಂಚೆಯೇ ಯಾರಿಗೆ ತಿಳಿದಿರಲು ಸಾಧ್ಯ? ತರ್ಕ ಸೊಗಸಾಗಿದೆ, ‘ಮೊದಲ’ ಎಂಬ ಪದವೂ ಕಣ್ಣೆದುರಿಗೇ ಇದೆ. ಆದರೂ ಅಮೆರಿಕದ ಅಂತರ್ಯುದ್ಧದ ಹೆಸರನ್ನೇ ಕೇಳಿರದ ಏಳು ವರ್ಷದ ಮಗು ಅದರ ಮೇಲೆ ಬೆರಳಿಡುವುದು ಕಷ್ಟ. ಸಾಕ್ಷಿ ಹೇಳುವವರ ಎರಡು ಮಾತುಗಳು ಒಂದಕ್ಕೊಂದು ತಾಳೆಯಾಗದ ಪ್ರಕರಣಗಳಲ್ಲಾದರೆ ಅದೇ ವಯಸ್ಸಿನವರು ಗೆಲ್ಲುತ್ತಾರೆ. ಆದ್ದರಿಂದ ಈ ಸರಣಿಯನ್ನು ಕೊಡುವ ದೊಡ್ಡವರು ಮೊದಲು ಉತ್ತರಗಳನ್ನು ತಾವೇ ಓದಿ, ಇತಿಹಾಸ ಅಥವಾ ವಿಜ್ಞಾನದ ತಿಳಿವಳಿಕೆ ಬೇಡುವ ಪ್ರಕರಣಗಳನ್ನು ಒಟ್ಟಿಗೆ ಕುಳಿತು ಓದಲು ಎತ್ತಿಟ್ಟು, ಉಳಿದವನ್ನು ಮಗುವಿನ ಪಾಲಿಗೆ ಬಿಡುವುದು ಒಳ್ಳೆಯದು.